ಪಾಳಿ ಅಂದ್ರ ಪಾಳಿ

ಅವಳ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ಗೊತ್ತು. ಎರಡೂ ಜಡೆಗಳನ್ನು ಎತ್ತಿ ಕಟ್ಟಿರುತ್ತಿದ್ದಳು. ಶಾಲೆಯ ನೀಲಿ ಅಂಗಿ ಬೆವರಿಗೆ ಬೆನ್ನಿಗಂಟಿರುತ್ತಿತ್ತು. ಬಲ ಮೊಣಕೈ ಯಾವಾಗಲೂ ತುಸು ಹೊರಕ್ಕೆ. ಆ ಮೊಣಕೈ ಕೋಳಿ ರೆಕ್ಕೆ ಬಡಿದಂತೆ ಎರಡು ಸಲ ಆಡಿತೆಂದರೆ, ‘ನನ್ನ ಪಾಳಿ ಮುಗೀತು, ಮುಂದ ಬಾ’ ಎಂದರ್ಥ.

ಒಂಬತ್ತನೆಯ ತರಗತಿಯಿಂದ ನಾನೂ ನನ್ನ ಈ ಗೆಳತಿಯೂ ದಿನಾ ಬೆಳಿಗ್ಗೆ ಅರಭಾವಿಯಿಂದ ಮೂಡಲಗಿ ರಸ್ತೆಯಲ್ಲಿ ಶಾಲೆಗೆ ಸೈಕಲ್ ಹೊಡೆಯುತ್ತಿದ್ದೆವು. ಮುಂದಿನವಳು ಗಾಳಿಗೆ ಎದೆ ಕೊಟ್ಟರೆ ಹಿಂದಿನವಳಿಗೆ ತುಳಿಯುವುದು ಹಗುರ. ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ, ತುಳಿದು ತುಳಿದೇ ಗೊತ್ತಾಯಿತು. ಆದರೆ ಪಾಳಿಯ ಕಾನೂನು ಅವಳದು. ಅವಳಪ್ಪ ಧುಪದಾಳದ ಕಡೆಯಿಂದ ಬರುವ ಕಾಲುವೆಯ ನೀರನ್ನು ಮಂದಿಯ ಹೊಲಕ್ಕೆ ಹಾಯಿಸುವ ಕೂಲಿ ಮಾಡುತ್ತಿದ್ದ. ಮೇಲಿನ ಹೊಲದವರು ತಮ್ಮ ಪಾಳಿ ಮುಗಿದರೂ ನೀರು ಬಿಡದೆ ಕುಳಿತರೆ ಕೆಳಗಿನವರ ಗೋವಿನಜೋಳ ಬಾಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹಾಗಾಗಿ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನವರೆಗೆ ಅವಳು ಮುಂದೆ, ಮುಂದಿನ ಕಲ್ಲಿನವರೆಗೆ ನಾನು.

“ಇವತ್ತ ಕಾಲ ಭಾಳ ನೋಯಾಕತ್ತಾವ, ಇದೊಂದ ಕಲ್ಲು ನೀನ ಹೊಡಿ,” ಎಂದು ನಾನು ಗೋಗರೆಯುತ್ತಿದ್ದೆ.

“ಅಳಕೊಂತ ಹೊಡಿ. ಪಾಳಿ ಅಂದ್ರ ಪಾಳಿ.”

ಹೀಗೆ ನಿಷ್ಠುರ ಆಡುವವಳೇ ಮೂಡಲಗಿಯ ಹೊರಗೆ ಸೈಕಲ್ ನಿಲ್ಲಿಸಿ, ಸಜ್ಜೆ ರೊಟ್ಟಿಯನ್ನು ಎರಡು ಮಾಡಿ, ನಂಜಿಕೊಳ್ಳುವ ಶೇಂಗಾ ಹಿಂಡಿ ಹೆಚ್ಚಿದ್ದ ಅರ್ಧವನ್ನು ನನ್ನ ಕೈಗೆ ಹಾಕುತ್ತಿದ್ದಳು. ಅದಕ್ಕೆ ಮಾತ್ರ ಪಾಳಿ ಇರಲಿಲ್ಲ.

ನನ್ನದು ಗೇರಿನ ಸೈಕಲ್. ಅಪ್ಪನಿಗೆ ನೌಕರಿಯಿತ್ತು, ಕೇಳಿದೆ, ಕೊಡಿಸಿದ. ಅವಳದು ಸರಕಾರ ಶಾಲೆಯಲ್ಲಿ ಕೊಟ್ಟ, ಮುಂದೆ ಬುಟ್ಟಿಯಿದ್ದ ಸೈಕಲ್. ಅದರಲ್ಲೇ ಏರು ಬಂದಾಗಲೆಲ್ಲ ನನ್ನನ್ನು ಹಿಂದೆ ಹಾಕಿ, ಮೇಲೆ ನಿಂತು ನಗುತ್ತಿದ್ದಳು. ನನಗೆ ಹೊಟ್ಟೆಕಿಚ್ಚು ಇರಲಿಲ್ಲವೆಂದರೆ ಶುದ್ಧ ಸುಳ್ಳಾದೀತು.

ಹತ್ತನೆಯ ತರಗತಿಯಲ್ಲಿ ಕ್ರೀಡಾ ವಸತಿ ಶಾಲೆಗೆ ಹುಡುಗಿಯರನ್ನು ಆರಿಸಲು ಹುಕ್ಕೇರಿಯಲ್ಲಿ ಸೈಕಲ್ ಓಟ ಇಟ್ಟರು. ನಮ್ಮ ಕಡೆಯವರಿಗೆ ಇದ್ದದ್ದು ಒಂದೇ ಸ್ಥಾನ. ನಮ್ಮ ಪಿ.ಟಿ. ಸರ್ ಎಲ್ಲಿಂದಲೋ ಅವಳಿಗೊಂದು ಹಳೆಯ ರೇಸ್ ಸೈಕಲ್ ತಂದುಕೊಟ್ಟರು. ಅದರ ಗೇರು ಒಂದರಲ್ಲೇ ಸಿಕ್ಕಿಕೊಂಡಿತ್ತು. ಹಿಂದಿನ ದಿನ ನಾವಿಬ್ಬರೂ ಮಾತಾಡಿಕೊಂಡೆವು: ಕೊನೆಯ ಸೇತುವೆಯ ತನಕ ಪಾಳಿ, ಅಲ್ಲಿಂದಾಚೆಗೆ ಯಾರ ತಾಕತ್ತು ಅವರದು.

ಹೋಗುವಾಗ ಗಾಳಿ ಬೆನ್ನಿಗಿತ್ತು. ತಿರುಗಿ ಬರುವಾಗ ಎದುರಾಯಿತು. ಉಳಿದವರೆಲ್ಲ ಹಿಂದೆ ಬಿದ್ದರು, ನಾವಿಬ್ಬರೇ ಉಳಿದೆವು. ಅವಳು ಮುಂದಿದ್ದಳು. ಕಲ್ಲು ಬಂತು, ಮೊಣಕೈ ಆಡಿತು. ನಾನು ನೋಡಿದೆ. ನೋಡದವಳಂತೆ ಅವಳ ಹಿಂದಿನ ಗಾಲಿಗೆ ಕಣ್ಣು ನೆಟ್ಟೆ. ಎರಡನೆಯ ಕಲ್ಲಿಗೆ ಮತ್ತೆ ಆಡಿತು. ಮೂರನೆಯದಕ್ಕೆ ಅವಳು ಅರ್ಧ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಮೊಣಕೈ ಆಡಲೇ ಇಲ್ಲ, ತಲೆ ಬಗ್ಗಿಸಿ ತುಳಿದಳು. ಸೇತುವೆ ದಾಟಿದ ಮೇಲೆ ನಾನು ಅವಳ ಪಕ್ಕದಿಂದ ನುಗ್ಗಿದೆ, ಎರಡು ಗಾಲಿಯಷ್ಟು ಅಂತರದಲ್ಲಿ ಗೆದ್ದೆ. ಗೆಲ್ಲದಿದ್ದರೆ ನನಗೆ ಇನ್ನೂ ನಾಲ್ಕು ದಾರಿಗಳಿದ್ದವು, ಅವಳಿಗೆ ಇದ್ದದ್ದು ಅದೊಂದೇ. ಅದು ಗೊತ್ತಿದ್ದೇ ಮಾಡಿದೆ.

“ಶಾಣ್ಯಾಕಿ ಅದಿ! ಹಿಂದ ಉಳದು ತಾಕತ್ತ ಉಳಿಸಿಕೊಂಡಿ,” ಎಂದು ಸರ್ ನನ್ನ ಬೆನ್ನು ತಟ್ಟಿದರು.

ಅವಳು ನೀರು ಕುಡಿದು ಬಾಯಿ ಒರೆಸಿಕೊಂಡಳು. “ಸರ್ ಹೇಳಿದ್ದು ಖರೆ. ರೇಸಿನ್ಯಾಗ ಹಂಗ ಹೊಡೀಬೇಕು. ಆದ್ರ ನಾವು ಮಾತಾಡಿದ್ದು ಬ್ಯಾರೆ ಇತ್ತಲ್ಲ,” ಎಂದಳು. ಅಷ್ಟೇ. ಬಸ್ಸಿನಲ್ಲಿ ನನ್ನ ಬಾಜೂ ಸೀಟಿನಲ್ಲೇ ಕುಳಿತು ರೊಟ್ಟಿ ಮುರಿದಳು. ಹಿಂಡಿ ಹೆಚ್ಚಿದ್ದ ಅರ್ಧ ಅವತ್ತೂ ನನಗೇ ಬಂತು.

ಆ ಓಟದಿಂದ ನನಗೆ ವಸತಿ ಶಾಲೆ ಸಿಕ್ಕಿತು, ಪದಕಗಳು ಬಂದವು, ಕೊನೆಗೆ ರೈಲ್ವೆಯಲ್ಲಿ ನೌಕರಿಯೂ ಆಯಿತು. ಅವಳು ಊರಲ್ಲೇ ಉಳಿದಳು. ಈಗ ಒಂದು ನರ್ಸರಿಯಲ್ಲಿ ಮಾವಿನ ಸಸಿಗಳಿಗೆ ಕಸಿ ಕಟ್ಟುತ್ತಾಳೆ. ಅವಳಷ್ಟು ಚುರುಕಿನ ಕೈ ಅಲ್ಲಿ ಇನ್ನೊಬ್ಬರದಿಲ್ಲವಂತೆ. ನಾನು ರಜೆಗೆ ಬಂದಾಗಲೆಲ್ಲ ಕರೆದು ಉಣ್ಣಿಸುತ್ತಾಳೆ, ನನ್ನ ಬೊಜ್ಜು ನೋಡಿ ನಗುತ್ತಾಳೆ. ಹುಕ್ಕೇರಿಯ ಮಾತನ್ನು ಅವಳು ಎತ್ತಲಿಲ್ಲ. ನನಗೆ ಎತ್ತುವ ಧೈರ್ಯವಾಗಲಿಲ್ಲ.

ಮೊನ್ನೆ ರಜೆಯಲ್ಲಿ ಅವಳ ಮಗಳ ಸೈಕಲ್ ಅವಳಿಗೆ, ನನ್ನ ಹಳೆಯದು ನನಗೆ ಎಂದು ಕಾಲುವೆ ದಂಡೆಯ ದಾರಿ ಹಿಡಿದೆವು. ಎದುರುಗಾಳಿ ಜೋರಿತ್ತು. ನಾನು ಮುಂದಾದೆ. ಒಂದು ಕಲ್ಲು ದಾಟಿತು, ಎರಡು ದಾಟಿತು. ಎದೆ ಉರಿಯುತ್ತಿದ್ದರೂ ಮೊಣಕೈ ಆಡಿಸಲಿಲ್ಲ. ಮೂರು ಕಲ್ಲಿನ ಗಾಳಿಯನ್ನು ಇವತ್ತಾದರೂ ತಿರುಗಿ ಕೊಟ್ಟುಬಿಡಬೇಕು ಎಂದು ಹಟ ಹಿಡಿದಿದ್ದೆ.

ಮೂರನೆಯ ಕಲ್ಲಿಗೆ ಮೊದಲೇ ಅವಳು ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ನನ್ನ ಸಮಕ್ಕೆ ಬಂದಳು. ನಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಾಗಿತ್ತು.

“ಹೋದ ಪಾಳಿ ಹೋತು,” ಎಂದಳು. “ಅದನ್ನ ಯಾರಿಗೂ ತಿರುಗಿ ಕೊಡಾಕ ಆಗೂದಿಲ್ಲ. ಈಗಿನ ಪಾಳಿ ನಂದು. ಸರಿ ಹಿಂದ.”

ನಾನು ಹಿಂದೆ ಸರಿದೆ. ಅದೇ ಬೆನ್ನು ನನ್ನ ಮುಂದೆ ಬಂತು, ಗಾಳಿ ನನಗೆ ತಾಗುವುದು ನಿಂತಿತು. ಮುಂದಿನ ಕಲ್ಲು ಬರುವವರೆಗೂ ನಾನು ಆ ಮೊಣಕೈಯನ್ನೇ ನೋಡುತ್ತಾ ತುಳಿದೆ.