ಆಯಿ ತಕಲಿ, ನನ್ನ ಎಡಗೈ

ನಮ್ಮ ಮನ್ಯಾಗ ಕೂಸು ಹುಟ್ಟಿದ್ರ ಮೊದಲ ಜಗಳ ಹೆಸರಿಗಲ್ಲ, ದಾರಕ್ಕ. ಕೂಸಿನ ಕೊಳ್ಳಾಗ ಲಿಂಗ ಕಟ್ಟೋ ಶಿವದಾರ ಮನಿ ಹೆಣ್ಮಕ್ಕಳೇ ಕೈಲೆ ನೂತಿರಬೇಕು, ಅಂಗಡಿದು ನಡಿಯಂಗಿಲ್ಲ. ಇದು ಆಯಿ, ಅಂದ್ರ ನಮ್ಮಪ್ಪನ ಅವ್ವನ ಕಾನೂನು. ಅಕ್ಕ, ನಾನು, ಕಾಕಾನ ಮಕ್ಕಳು, ಎಲ್ಲಾರ ಕೊಳ್ಳಾಗ ಮೊದಲ ಬಿದ್ದದ್ದು ಆಯಿ ನೂತ ದಾರಾನೇ.

ಈ ಸಲ ಅಕ್ಕಗ ಗಂಡು ಕೂಸಾತು. ಸೋಮವಾರ ಕಮಲಾಪುರದಾಗ ಆಯಿ ಮನ್ಯಾಗ ಕಾರ್ಯ. ಆಯಿ ಅರ್ಧ ದಾರ ನೂತಿದ್ಲು, ಅಷ್ಟರಾಗ ಬಚ್ಚಲದಾಗ ಜಾರಿ ಬಿದ್ದು ಬಲಗೈ ಮುರಕೊಂಡ್ಲು. ಕೈ ಮುರದದ್ದಕ್ಕ ಅಳಲಿಲ್ಲಂತ. ದಾರ ಅರ್ಧಕ್ಕ ನಿಂತದ್ದಕ್ಕ ಅತ್ಲಂತ.

ಕಾಕಿ ಕಲಬುರಗಿಗೆ ನಮ್ಮ ಮನಿಗೆ ಫೋನ್ ಹಚ್ಚಿ, "ಅಂಗಡ್ಯಾಗ ರೇಷ್ಮಿ ದಾರಾನೇ ಸಿಗ್ತಾವ, ಗೊಂಡೆ ಹಚ್ಚಿದ್ದು. ತರಸ್ತೀನಿ" ಅಂದ್ಲು. ಹಿಂದ ಆಯಿ ಮೂಗು ಸೆಳಿಯೋದು ಕೇಳಸ್ತು. ನಾ ಅವ್ವನ ಕೈಯಾಗಿಂದ ಫೋನ್ ಕಸಗೊಂಡು, "ಯಾರೂ ಏನೂ ತರಸಬ್ಯಾಡ್ರಿ. ನಾ ಬಂದು ನೂಲ್ತೇನಿ" ಅಂದೆ.

ನೂಲೋದರಾಗ ನನ್ನ ಅನುಭವ ಅಂದ್ರ, ಒಂದು ರೀಲ್ ನೋಡಿದ್ದೆ. ಅದೂ ಅರ್ಧ.

ಗುರುವಾರ ಕೋಟೆ ಮುಂದಿನ ಮೆಡಿಕಲ್‌ನ್ಯಾಗ ದೊಡ್ಡ ಹತ್ತಿ ಸುರುಳಿ ತಗೊಂಡು ಬಸ್ ಹತ್ತಿದೆ. ಪಕ್ಕದಾಗ ಕುಂತ ಮುದುಕ ಅದನ್ನ ನೋಡಿ, "ಮನ್ಯಾಗ ಯಾರಿಗರೆ ಭಾಳ ಪೆಟ್ಟು ಹತ್ತೇದೇನ್ರಿ?" ಅಂತ ಮರಮರ ಮರಗಿದ. ಆಯಿಗೆ ತೋರಿಸಿದ್ರ ಹಲ್ಲಿಲ್ಲದ ಬಾಯಿ ತಗದು ನಕ್ಲು.

"ಏ ಪೋರಿ, ಇದು ಗಾಯಕ್ಕ ಹಚ್ಚೋದು. ಇದರ ಎಳಿ ನಿನ್ನ ಅಭ್ಯಾಸದಂಗ. ನಾಕ ಮಾರು ಸೈತ ಮುಂದಕ ಹೋಗಂಗಿಲ್ಲ."

ಆಯಿದು ಮಹಾಗಾಂವದ ಹೊಲದ್ದು ಹತ್ತಿ. ಬೀಜ ತಗದು, ಹಿಂಜಿ, ಬೆರಳ ದಪ್ಪ ಉದ್ದಕ ಸುತ್ತಿ ಹಂಜಿ ಮಾಡಿಟ್ಟಿದ್ಲು. ತಕಲಿ ಅಂದ್ರ ಏನೋ ದೊಡ್ಡ ಯಂತ್ರ ಅನಕೊಂಡಿದ್ದೆ. ನೋಡಿದ್ರ ಗೇಣುದ್ದ ಹಿತ್ತಾಳಿ ಕಡ್ಡಿ, ಕೆಳಗ ರೂಪಾಯಿಯಷ್ಟು ಬಿಲ್ಲಿ, ಮ್ಯಾಲೆ ಸಣ್ಣ ಕೊಕ್ಕಿ. ತೆಂಗಿನ ಚಿಪ್ಪಿನ್ಯಾಗ ತುದಿ ಊರಿ ಬೆರಳಲೆ ತಿರವೋದು, ಇನ್ನೊಂದು ಕೈಲೆ ಹಂಜಿ ಜಗ್ಗೋದು. ಇಷ್ಟೇ. ಇಷ್ಟೇ ಅಂದಾಕಿ ನಾ, ಹತ್ತು ನಿಮಿಷದಾಗ ಆ ಕಡ್ಡಿ ಹುಡುಕ್ಕೋತ ಮಂಚದ ಕೆಳಗ ಮೂರು ಸಲ ಹೊಕ್ಕು ಬಂದೆ.

ನಮ್ಮ ಕಾಕಾ, ಹುಟ್ಟಿದಾಗಿಂದ ತನ್ನ ನೀರಿನ ಲೋಟಾ ತಾ ಎತ್ತಿಲ್ಲ, ಬಾಗಿಲದಾಗ ನಿಂತು, "ಹಗೂರಕ ಜಗ್ಗಬೇಕು, ಹಗೂರಕ" ಅಂತ ಪಾಠ ಸುರು ಮಾಡಿದ. ಕಾಕಿ ಬ್ಯಾಳಿ ಆರಸ್ಕೋತ, "ಬಿಡ್ರಿ, ಕಲಬುರಗಿಯಿಂದ ಸ್ಪೆಷಾಲಿಸ್ಟ್ ಬಂದಾರ. ಸೋಮವಾರ ಕೂಸಿಗೆ ಪಟ್ಟಿ ಕಟ್ಟಿದ್ರಾತು" ಅಂದ್ಲು.

ಆದ್ರ ಶುಕ್ರವಾರ ಸಂಜಿಕ ಕೈಗೆ ಹತ್ತಿಬಿಡ್ತು! ಎಳಿ ಜೇಡರ ಬಲಿಯಂಗ ಬರಾಕತ್ತು. ನಾ ಓಣಿ ತುಂಬ ತೋರಿಸ್ಕೋತ ಅಡ್ಡಾಡಿದೆ. ಮಗ್ಗಲ ಮನಿ ಎಮ್ಮಿಗೂ ತೋರಿಸಿದೆ. ಅದಕ್ಕರೆ ಕಾಕಿಕಿಂತ ಛಲೋ ತಿಳುವಳಿಕಿ ಇತ್ತು, ತಲಿ ಅಳ್ಳಾಡಸ್ತು.

ಶನಿವಾರ, ಆಯಿ ಮಲಗಿದ್ಲು. ಆಕಿ ಅರ್ಧ ನೂತು ಇಟ್ಟಿದ್ದ ಇನ್ನೊಂದು ತಕಲಿ ತಗೊಂಡು, ಅದರ ತುದಿಗೆ ನನ್ನ ಹಂಜಿ ಕೂಡಿಸಿ ತಿರವಿದೆ. ನನ್ನ ಎಳಿ ಬರೋಬರ್ ಬಂತು. ಆಯಿ ಎಳಿ ಉಬ್ಬಿ, ಅರಳಿ, ಸುಮ್ಮನ ಕಳಚಿ ಬಿತ್ತು. ಇನ್ನಷ್ಟು ಬಿಚ್ಚಿ ಕೂಡಿಸಿದೆ. ಮತ್ತ ಕಳಚ್ತು. ಹಿಂಗ ಕೂಡಸ್ಕೋತ, ಕಳಕೋತ ಕುಂತೆ. ಮಜಾ ಏನಂದ್ರ, ನನಗ ನನ್ನ ಮ್ಯಾಲೆ ಒಂದು ಸಾಸಿವಿಯಷ್ಟೂ ಸಂಶಯ ಬರಲಿಲ್ಲ. ಆಯಿ ಎದ್ದಕೂಡಲೆ ನಾನೇ ಜೋರು ಮಾಡಿದೆ:

"ಆಯಿ, ವಯಸ್ಸಾತು ನಿನಗ. ನಿನ್ನ ನೂಲಿನ್ಯಾಗ ದಮ್ಮಿಲ್ಲ."

ಆಯಿ ತಕಲಿ ನೋಡಿದ್ಲು. ಅಂಗೈ ಅಗಲ ಸುತ್ತಿದ್ದ ದಾರದಾಗ ಎರಡು ಗೇಣು ಉಳದಿತ್ತು. ಉಳದದ್ದೆಲ್ಲಾ ನನ್ನ ಲಂಗದ ಮ್ಯಾಲೆ ಅರಳಿ ಬಿದ್ದಿತ್ತು.

"ಯಾವ ಕೈಲೆ ತಿರವಿದಿ?"

ನಾ ಎಡಗೈ ಎತ್ತಿದೆ. ಉಣ್ಣೋದೊಂದು ಬಿಟ್ರ ನಂದೆಲ್ಲಾ ಎಡಗೈ.

"ನಾ ಬಲಕ್ಕ ಹುರಿ ಹಾಕೀನಿ. ನೀ ಎಡಕ್ಕ ತಿರುವಿ ಅದನ್ನ ಬಿಚ್ಚಾಕತ್ತಿದಿ. ಒಂದು ವಾರ ಕುಂತು ನೂತಿದ್ದೆ, ತಂಗಿ."

ಬೈದಿದ್ರ ತಿರುಗಿ ಬೈತಿದ್ದೆ. ಅದರಾಗ ನಾ ಹುಷಾರ್. ಆಕಿ ಬೈಲೇ ಇಲ್ಲ. ಕಾಕಿ ಆಗಲೇ ಮೊಬೈಲ್ ಕೈಯಾಗ ಹಿಡದು, "ರೇಷ್ಮಿದಕ್ಕ ಹೇಳ್ಲೇನ್ರಿ ಅತ್ತಿ?" ಅಂದ್ಲು.

ಆಯಿ ತನ್ನ ಎರಡು ಗೇಣು ದಾರ ತಾನೇ ಎಡಗೈಲೆ ಬಿಚ್ಚಿ ತಗದು, ಬರಿ ತಕಲಿ ನನ್ನ ಮುಂದ ಇಟ್ಲು. "ಬ್ಯಾಡ. ಎಲ್ಲಾ ಎಡಕ್ಕ ನೂತ್ರ, ಎಳಿ ಕೂಡಿಸಿ ಹೊಸೆಯೋ ಮುಂದ ಎಲ್ಲಾ ಬಲಕ್ಕ ಹೊಸದ್ರಾತು, ಒಂದನ್ನೊಂದು ಹಿಡಕೋತಾವ. ಕಲಬೆರಕಿ ಆಗಬಾರದು ಅಷ್ಟೇ. ಕುಂದ್ರು."

ರವಿವಾರ ನಾ ಹಲ್ಲು ತಿಕ್ಕಿದ್ದೊಂದು ಬಿಟ್ರ ಬ್ಯಾರೆ ಏನೂ ಮಾಡಲಿಲ್ಲ. ಆಯಿ ಹಂಜಿ ಕೊಡಕೋತ ಹೋದ್ಲು, ನಾ ನೂಲಕೋತ ಹೋದೆ. ಬೆರಳು ಬೊಬ್ಬಿ ಬಂದು ಕಡಬಿನಂಗ ಆದ್ವು. ಎಳಿ ಎಲ್ಲಾ ಕೂಡಿಸಿ ಬಲಕ್ಕ ಹೊಸದ್ವಿ. ನಡುನಡುವ ದಪ್ಪ ಗಂಟು, ಹಾವು ಇಲಿ ನುಂಗಿದಂಗ.

ಸೋಮವಾರ ಅಯ್ಯನೋರು ಬಂದು ಲಿಂಗ ಕಟ್ಟೋಕಿಂತ ಮೊದಲ, ಕಾಕಿ ಆ ದಾರ ಎರಡೂ ಕೈಲೆ ಹಿಡದು ಜಗ್ಗಿದ್ಲು. ಬಾವಿ ಹಗ್ಗಾನೂ ಯಾರೂ ಹಂಗ ಜಗ್ಗಂಗಿಲ್ಲ. ಹರೀಲಿಲ್ಲ. "ಅತ್ತಿ ನೂಲು ಇದ್ದಿದ್ರ ನುಣುಪು ಇರ್ತಿತ್ತು" ಅಂದು ಒಳಗ ಹೋದ್ಲು. ಸುಡುಗಾಡು, ಖರೇನೇ ಅಂದಿದ್ಲು.

ಕೂಸು ದಾರ ಕಟ್ಟಿಸಿಕೊಂಡು ಮಲಗ್ತು. ಮಂದಿ ನನ್ನ ಹೊಗಳಿದ್ರು, ನಾನೂ ಬ್ಯಾಡ ಅನಲಿಲ್ಲ. ಎಲ್ಲಾರೂ ಉಣ್ಣಾಕ ಹೋದ ಮ್ಯಾಲೆ ಆಯಿ ಮಂಚದ ಮಗ್ಗಲಕ ಕುಂತೆ.

"ಆಯಿ, ನಿನ್ನ ನೂಲಿನ್ಯಾಗ ದಮ್ಮಿತ್ತು."

"ಗೊತ್ತದ. ನೀ ಹೇಳಬೇಕೇನು?" ಪ್ಲಾಸ್ಟರ್ ಕೈ ನನ್ನ ತೊಡಿ ಮ್ಯಾಲಿಟ್ಲು. "ಒಳಗ ಭಾಳ ತುರಸಾಕತ್ತದ. ಆ ತಕಲಿ ತಗೊಂಡು ಸಂದಿನ್ಯಾಗ ಹಾಕಿ ತುರಸು. ಯಾವ ಕೈಲೆ ಆದ್ರೂ ನಡೀತದ."