ಎರಡನೇ ಮನೆಯ ಫೋಟೋ

ವರ್ನಾ ಪ್ರೂವಿಟ್‌ಳ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಕಟ್ಟಿಸಿದ್ದು. ಮೂಲ ಹಲ್ಲನ್ನು ಸ್ಪ್ಯಾನರ್ ಎಸೆದು ಉದುರಿಸಿದವನು ಇವತ್ತಿಗೂ ಚರ್ಚಿನಲ್ಲಿ ಅವಳ ಹಿಂದಿನ ಬೆಂಚಿನಲ್ಲೇ ಕೂತು ಹಾಡುತ್ತಾನೆ. ತಪ್ಪು ಅವನದಲ್ಲ ಎಂದು ಊರೇ ಹೇಳಿತು. ಕೆಂಟಕಿಯ ಈ ಗುಡ್ಡಗಳಲ್ಲಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಕಂಡವರ ಮನೆಯ ಫೋಟೋ ಹೊಡೆದರೆ ಯಾರಾದರೂ ಕರೆದು ಕಾಫಿ ಕೊಡುತ್ತಾರೆಯೇ?

ಫೋಟೋ ಹೊಡೆಯದೆ ಅವಳಿಗೆ ಗತಿಯಿರಲಿಲ್ಲ. ಬ್ಯಾಂಕು ಸಾಲ ಕೊಡುವ ಮುಂಚೆ ಮನೆಗೆ ಬೆಲೆ ಕಟ್ಟುವುದು ಅವಳ ಕೆಲಸ. ಅದಕ್ಕೆ ಹತ್ತಿರದಲ್ಲಿ ಈಚೆಗೆ ಮಾರಾಟವಾದ, ಹೆಚ್ಚುಕಡಿಮೆ ಅದೇ ಅಳತೆಯ ಮೂರು ಮನೆ ಹುಡುಕಬೇಕು. ಪ್ರತಿಯೊಂದರ ಮುಂದೆ ತಾನೇ ಹೋಗಿ ನಿಂತು ಫೋಟೋ ತೆಗೆದು ವರದಿಗೆ ಹಚ್ಚಬೇಕು. ಮಾರಿದವರ ಹಳೆಯ ಚಿತ್ರ ನಡೆಯುವುದಿಲ್ಲ. ಮನುಷ್ಯರ ಮುಖ ಬಂದಿದ್ದರೆ ಮಸುಕು ಮಾಡಬೇಕು. ಆ ಮೂರು ಮನೆಯವರಿಗೋ ಇದರ ಗಂಧಗಾಳಿಯೂ ಇರುವುದಿಲ್ಲ. ನಾಯಿ ಛೂ ಬಿಡುತ್ತಾರೆ, ಟೈರಿಗೆ ಗುಂಡು ಹಾರಿಸುತ್ತಾರೆ. ವರ್ನಾ ಸೀಟಿನ ಕೆಳಗೆ ಕೊಡಲಿಯ ಕಾವು ಇಟ್ಟುಕೊಂಡಿದ್ದಳು. ಬೀಸಿದ್ದೂ ಉಂಟು.

ಆ ಶರತ್ಕಾಲದಲ್ಲಿ ಡ್ವೈಟ್ ಸ್ಟ್ಯಾಂಪರ್ ಎಂಬವನು ಸಾಲಕ್ಕೆ ಅರ್ಜಿ ಹಾಕಿದ. ಅವನ ಮನೆ ಅಳೆಯಲು ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಮುಷ್ಟಿ ತೂರಿದ ತೂತು, ಗೋಡೆಯಲ್ಲಿ ತಲೆಯೆತ್ತರಕ್ಕೆ ಒಂದು ಗುಳಿ.

"ಇದೇನಪ್ಪಾ?" ಎಂದಳು ವರ್ನಾ.

"ಹೆಂಡ್ತಿ ಇದ್ದಾಗಿಂದು. ಓಡಿಹೋದ್ಲು. ರಿಪೇರಿ ಮಾಡಿಸ್ತೀನಿ ಬಿಡಿ ಮಿಸ್ ವರ್ನಾ."

ಇಂಥ ಬಾಗಿಲು ಅವಳು ಬೇಕಾದಷ್ಟು ನೋಡಿದ್ದಳು. ಅಳತೆ ಬರೆದುಕೊಂಡು ಹೊರಬಿದ್ದಳು.

ಹೋಲಿಕೆಯ ಎರಡನೇ ಮನೆ ಗುಡ್ಡದ ಈಚೆಗೆ, ವರ್ನಾಳ ಮನೆಯ ದಿಕ್ಕಿನಲ್ಲಿತ್ತು. ಕೊಂಡವನು ಬಾಡಿಗೆಗೆ ಕೊಟ್ಟಿದ್ದ. ಮೆಟ್ಟಿಲ ಮೇಲೆ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಮೂರು ಕಾಲಿನ ನಾಯಿ. ವರ್ನಾ ಕಿಟಕಿ ಇಳಿಸಿ ಕ್ಲಿಕ್ ಮಾಡಿದ್ದೇ ತಡ, ಹೆಂಗಸು ಸಲಿಕೆ ಹಿಡಿದು ಓಡಿಬಂದಳು. ಮೊದಲನೇ ಏಟಿಗೆ ಕಾರಿನ ಪಕ್ಕದ ಕನ್ನಡಿ ಪುಡಿಯಾಯಿತು. ಎರಡನೆಯದು ವರ್ನಾಳ ಹುಬ್ಬು ಸೀಳಿತು. ಕೊಡಲಿ ಕಾವಿಗೆ ಕೈಹಾಕುವಷ್ಟರಲ್ಲಿ ಅವಳ ಜುಟ್ಟು ಕಿಟಕಿಯಾಚೆ ಆ ಹೆಂಗಸಿನ ಮುಷ್ಟಿಯಲ್ಲಿತ್ತು.

"ಯಾರು ಕಳ್ಸಿದ್ದು ನಿನ್ನ? ಅವ್ನೇ ತಾನೆ?"

"ಬ್ಯಾಂಕು ಕಣೇ ತಾಯಿ! ಬಿಡು, ಕೂದಲು ಬಿಡು."

ಕಾಗದಪತ್ರ ನೋಡಿದ ಮೇಲೆ ಹೆಂಗಸು ಕೈಬಿಟ್ಟಳು. ರಸ್ತೆಯ ಎರಡೂ ಕಡೆ ಕಣ್ಣಾಡಿಸಿದಳು. "ನನ್ ಮುಖ ಅದ್ರಲ್ಲಿ ಇರಬಾರ್ದು. ನಾನು ಇಲ್ಲಿರೋದು ಗೊತ್ತಾದ್ರೆ ಕೊಂದೇ ಹಾಕ್ತಾನೆ."

"ಅಳಿಸ್ತೀನಿ. ದೇವರಾಣೆಗೂ ಅಳಿಸ್ತೀನಿ."

ಯಾರು ಕೊಲ್ಲುವವನು ಎಂದು ವರ್ನಾ ಕೇಳಲಿಲ್ಲ. ನಮ್ಮಲ್ಲಿ ಹಾಗೆಲ್ಲ ಕೇಳುವುದಿಲ್ಲ. ಬೇರೆಯವರ ಮನೆಯ ಜಗಳ ಬೇರೆಯವರದು ಅನ್ನುತ್ತೇವೆ. ಸುಡುಗಾಡು ಮರ್ಯಾದೆ. ಮನೆಗೆ ಬಂದು ಹುಬ್ಬಿಗೆ ಬಟ್ಟೆ ಕಟ್ಟಿಕೊಂಡು, ಕೊಟ್ಟ ಮಾತಿನಂತೆ ಹೆಂಗಸಿನ ಮುಖವನ್ನು, ಮೈಯನ್ನು ಪೂರ್ತಿ ಮಸುಕು ಮಾಡಿದಳು. ಮನುಷ್ಯರ ಮುಖ ಎಂದಿದೆ ನಿಯಮ, ನಾಯಿಯದಲ್ಲ. ನಾಯಿ ಹಾಗೇ ಉಳಿಯಿತು. ವರದಿ ಬ್ಯಾಂಕಿಗೆ ಹೋಯಿತು. ಒಂದು ಪ್ರತಿ, ಕಾನೂನಿನ ಪ್ರಕಾರ, ಸಾಲ ಕೇಳಿದವನಿಗೂ ಹೋಯಿತು.

ಮುಂದಿನ ವಾರ ಒಲೆಯ ಮೇಲೆ ಬೀನ್ಸ್ ಕುದಿಯುತ್ತಿದ್ದಾಗ ಫೋನ್ ಬಂತು.

"ಮಿಸ್ ವರ್ನಾ, ನಾನು ಡ್ವೈಟು. ಬೆಲೆ ಚೆನ್ನಾಗೇ ಕಟ್ಟಿದೀರಿ."

"ಕುಡಿದಿದೀಯೇನೋ?"

"ಒಂಚೂರು. ಖುಷಿ ಆಯ್ತು ನೋಡಿ. ಎರಡನೇ ಮನೆ ಫೋಟೋದಲ್ಲಿ ನನ್ ನಾಯಿ ಸಿಕ್ತು."

"ಯಾವ ನಾಯಿ?"

"ಮೂರು ಕಾಲಿಂದು. ನಾಲ್ಕನೇದನ್ನ ನಾನೇ ಬಂದೂಕಲ್ಲಿ ಹಾರಿಸಿದ್ದು, ಮರೀತೀನಾ? ಅಡ್ರೆಸ್ಸೂ ಕೆಳಗೇ ಬರ್ದಿದೀರಿ. ಎಷ್ಟು ಅಚ್ಚುಕಟ್ಟು ನೀವು. ಈಗ ಅಲ್ಲಿಗೇ ಹೊರಟಿದೀನಿ."

ವರ್ನಾ ಫೋನ್ ಕತ್ತರಿಸಿದಳು. ಪೊಲೀಸರಿಗೆ ಫೋನ್ ಮಾಡಿದಳು. ಅವರು ಜಿಲ್ಲೆಯ ಆ ತುದಿಯಲ್ಲಿದ್ದರು. ಒಲೆ ಆರಿಸದೆ ಕಾರು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಅಯ್ಯೋ ಮಂಕೇ, ಬಾಗಿಲಿನ ತೂತು ನೋಡಿದೆ, ಅವಳ ಹೆದರಿಕೆ ನೋಡಿದೆ, ಎರಡನ್ನೂ ಸೇರಿಸಿ ನೋಡುವ ಬುದ್ಧಿ ಬರಲಿಲ್ಲವಲ್ಲೇ.

ತಲುಪಿದಾಗ ಬಾಗಿಲು ಕೀಲಿನಿಂದ ಕಿತ್ತು ಬಿದ್ದಿತ್ತು. ನಾಯಿ ಮೆಟ್ಟಿಲ ಮೇಲೆ ಸತ್ತಿತ್ತು, ಬಾಯಲ್ಲಿ ಅವನ ಅಂಗಿಯ ತೋಳಿನ ಚೂರು. ಡ್ವೈಟ್ ಹೆಂಡತಿಯನ್ನು ಕೂದಲು ಹಿಡಿದು ಹುಲ್ಲಿನ ಮೇಲೆ ಎಳೆದು, ಮಂಡಿಯೂರಿ ಗುದ್ದುತ್ತಿದ್ದ. ಅವಳು ಕೈ ಅಡ್ಡ ಹಿಡಿಯುವುದನ್ನೂ ಬಿಟ್ಟಿದ್ದಳು. ಅವನ ಬಂದೂಕು ಪಕ್ಕದಲ್ಲೇ ಬಿದ್ದಿತ್ತು.

ವರ್ನಾ ಹಾರನ್ ಒತ್ತಿದಳು. ಅವನು ಎದ್ದು ಬಂದೂಕು ಎತ್ತಿಕೊಂಡು ಕಾರಿನ ಕಡೆಗೆ ನಡೆದುಬಂದ, ನಗುತ್ತಲೇ. ಹೆಂಗಸಿನಿಂದ ಅವನು ನಾಲ್ಕು ಮಾರು ಸರಿಯುವವರೆಗೂ ವರ್ನಾ ಕಾದಳು. ಆಮೇಲೆ ಕಾಲನ್ನು ಪೆಡಲಿನ ಮೇಲೆ ಪೂರ್ತಿ ಒತ್ತಿದಳು. ಗುಂಡು ಗಾಜು ಒಡೆದು ಅವಳ ಭುಜದ ಮಾಂಸ ಹರಿದುಕೊಂಡು ಹೋಯಿತು. ಕಾರು ಅವನನ್ನು ಹೊತ್ತುಕೊಂಡು ಜಗಲಿಯ ಕಂಬಕ್ಕೆ ಗುದ್ದಿತು. ಪೊಲೀಸರು ಬಂದಾಗ ಡ್ವೈಟ್ ಹಾಗೇ ಸಿಕ್ಕಿಕೊಂಡು ಸತ್ತಿದ್ದ, ವರ್ನಾ ಆ ಹೆಂಗಸಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅವಳ ಹೆಸರು ಲೀಟಾ ಎಂದು ವರ್ನಾಳಿಗೆ ತಿಳಿದದ್ದು ಆಸ್ಪತ್ರೆಯಲ್ಲಿ. ಬದುಕಿದಳು. ಒಂದು ಕಣ್ಣು ಹೋಗಿತ್ತು. ಮುರಿದ ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದ ದಿನ ವರ್ನಾ ಹಾಸಿಗೆಯ ಪಕ್ಕ ಕೂತು ಹೊದಿಕೆ ಸರಿಮಾಡುತ್ತಿದ್ದಳು.

"ಅವತ್ತು ಸಲಿಕೇಲಿ ನಿನ್ ಕನ್ನಡಿ ಒಡೆದೆ" ಎಂದಳು ಲೀಟಾ, ಒಂದೊಂದೇ ಮಾತು ಅಗಿದು. "ಕ್ಯಾಮೆರಾ ಒಡೀಬೇಕಿತ್ತು."

"ಹೌದು ಕಣೇ," ಎಂದಳು ವರ್ನಾ. "ಅದನ್ನೇ ಒಡೀಬೇಕಿತ್ತು."