ಕೆಟ್ಲು ಹಾಕುವ ಮುನ್ನ

ಚಳಿಸೀಮೆಯ ನಾರಿನ್ ಊರಿನ ಆ ಹಳೇ ಮನೆಯಲ್ಲಿ ಸೈಕಾಲ್ ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದು ಕೂಗಿಕೊಂಡೇ. ಕಂಬದಿಂದ ಮನೆಗೆ ಬಂದದ್ದು ಮಾವನ ಕಾಲದ ಸಣಕಲು ತಂತಿ. ಕೋಣೆ ಬೆಚ್ಚಗಿಡುವ ಹೀಟರನ್ನೂ ಚಹಾದ ಕರೆಂಟ್ ಕೆಟ್ಲನ್ನೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ಹಾಗಾಗಿ ಅವಳು ಅಡುಗೆಮನೆಯಿಂದ "ಕೆಟ್ಲು ಹಾಕ್ತೀನಿ, ಆರಿಸ್ರೀ!" ಎನ್ನುವುದು, ಆಚೆ ಕೋಣೆಯಲ್ಲಿ ಕುದುರೆ ಜೀನು ಹೊಲಿಯುತ್ತ ಕೂತ ಗಂಡ ಎಸೆನ್ ಹೀಟರು ಆರಿಸಿ "ಆರಿಸ್ದೆ, ಹಾಕು!" ಎನ್ನುವುದು. ಗಂಡ ಹೆಂಡಿರ ಮಾತುಕತೆಯಲ್ಲಿ ಮುಕ್ಕಾಲುಪಾಲು ಇದೇ ಎಂದು ಓಣಿಯವರೆಲ್ಲ ನಗುತ್ತಿದ್ದರು.

ಎಸೆನ್ ತೀರಿಕೊಂಡಾಗ ಸೈಕಾಲ್ ಅಳಲಿಲ್ಲ. ನೆಂಟರು ಬಾಗಿಲಿಗೆ ಬಂದೊಡನೆ ಹೆಂಡತಿಯಾದವಳು ಸತ್ತವನ ಗುಣ ಹಾಡಿಕೊಂಡು ಅಳಬೇಕು, ಅದು ಅಲ್ಲಿಯ ಪದ್ಧತಿ. ಅವಳು ಗೋಡೆ ನೋಡುತ್ತ ಕೂತಿದ್ದಳು. ಕಲ್ಲೆದೆಯವಳು ಎಂದು ಆಡಿಕೊಂಡರು. ಆಡಿಕೊಳ್ಳುವವರ ಗಂಟೇನು ಹೋಗುತ್ತದೆ! ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎನ್ನುವುದೂ ನಾಲಿಗೆಗೆ ತಿಳಿಯುತ್ತಿರಲಿಲ್ಲ.

ಈಗ ಬೆಳಗಾದರೆ ಎಸೆನ್ ಸತ್ತ ವರ್ಷದ ಊಟ, ಎಂಬತ್ತು ಜನ. ಈ ತಂತಿ ನಂಬಿಕೊಂಡು ಅಷ್ಟು ಜನಕ್ಕೆ ಚಹಾ ಕಾಯಿಸಲು ಆಗುವುದಿಲ್ಲವೆಂದು ಎಸೆನ್‌ನ ಅಕ್ಕ ಕದಿಚಾ ಹಟ ಹಿಡಿದು ಎಲೆಕ್ಟ್ರಿಷಿಯನ್ ತುರಾತ್‌ನನ್ನು ಕರೆಸಿದ್ದಳು.

"ನಾಳೆಯಾದ್ರೂ ಬಾಯಿ ಬಿಡ್ತೀಯೇನೇ?" ಎಂದಳು ಕದಿಚಾ, ಹಿಟ್ಟು ನಾದುತ್ತ. "ನನ್ನ ತಮ್ಮನಿಗೆ ಅಳೋರು ಗತಿಯಿಲ್ಲ ಅಂತಾರೆ ಜನ."

"ನೋಡೋಣ ಅತ್ತಿಗೆ."

ವರ್ಷದ ಊಟ ಮುಗಿದರೆ ಅಳುವ ಕಾಲವೂ ಮುಗಿಯಿತು. ಆಮೇಲೆ ಅತ್ತರೆ ಅದು ಬರೀ ಮುದುಕಿಯ ಗೋಳು. ಅಳು ಹಾಗೇ ಒಳಗೇ ಒಣಗಿ ಹೋಗುತ್ತದೇನೋ ಎಂಬ ಒಂದು ಹೆದರಿಕೆ ಮಾತ್ರ ಸೈಕಾಲ್‌ಗೆ ಉಳಿದಿತ್ತು, ಅದೂ ದೂರದಲ್ಲೆಲ್ಲೋ.

ತುರಾತ್ ಕಂಬದಿಂದ ದಪ್ಪ ತಾಮ್ರದ ಕೇಬಲ್ ಎಳೆದು, ಹೊಸ ಮೀಟರು, ಹೊಸ ಬೋರ್ಡು ಕೂರಿಸಿದ.

"ಇನ್ಮೇಲೆ ಎಲ್ಲಾನೂ ಒಟ್ಟಿಗೇ ಹಾಕ್ಕೊಳ್ಳಿ ಅಕ್ಕಾ. ಯಾರೂ ಏನೂ ಆರಿಸ್ಬೇಕಾಗಿಲ್ಲ. ಆ ಕೋಣೇಲಿ ಹೀಟರ್ ಹಾಕ್ತೀನಿ, ನೀವು ಇಲ್ಲಿ ಕೆಟ್ಲು ಹಾಕಿ. ನೋಡೇಬಿಡೋಣ."

ಅವನು ಆಚೆ ಹೋದ. ಎಸೆನ್ ಹೋದಾಗಿನಿಂದ ಮುಚ್ಚಿದ್ದ ಕೋಣೆಯಲ್ಲಿ ಹೀಟರು ಗುಂಯ್‌ಗುಟ್ಟಿತು. ಸೈಕಾಲ್ ಕೆಟ್ಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಬಾಯಿ ತನ್ನ ಪಾಡಿಗೆ ತಾನು ಕೂಗಿತು.

"ಕೆಟ್ಲು ಹಾಕ್ತೀನಿ, ಆರಿಸ್ರೀ!"

ಏನೋ ಎಡವಟ್ಟಾಯಿತೆಂದು ತುರಾತ್ ಗಾಬರಿಯಲ್ಲಿ ಹೀಟರು ಆರಿಸಿದ. ಎಸೆನ್‌ನ ಕೋಣೆಯಿಂದ ಗಂಡಸಿನ ದನಿ ಬಂತು:

"ಆರಿಸ್ದೆ, ಹಾಕಿ!"

ಸೈಕಾಲ್ ಇದ್ದಲ್ಲೇ ಕುಸಿದಳು. ಅವಳ ಬಾಯಿಂದ ಹೊರಟ ಗೋಳು ಕೇಳಿ, ಅವಳಿಗೆ ಶಾಕ್ ಹೊಡೆಯಿತೆಂದುಕೊಂಡು ತುರಾತ್ ಓಡಿಬಂದು ಮೇನ್ ಸ್ವಿಚ್ಚನ್ನೇ ಕೆಳಗೆಳೆದ.

"ಕರೆಂಟಲ್ಲ ಕಣೋ, ನೀನು ಹೊರಗೆ ನಡಿ," ಎಂದಳು ಕದಿಚಾ. ಹಿಟ್ಟಿನ ಕೈಯಲ್ಲೇ ತಮ್ಮನ ಹೆಂಡತಿಯನ್ನು ತಬ್ಬಿಕೊಂಡು ಕೂತಳು.

ಸೈಕಾಲ್ ಗಂಡನ ಗುಣವನ್ನೇನೂ ಹಾಡಲಿಲ್ಲ. "ಆರಿಸ್ಬೇಡ್ರೀ," ಎಂದು ಅಳುತ್ತಿದ್ದಳು. "ಇನ್ನು ಆರಿಸ್ಬೇಕಾಗಿಲ್ಲ ಕಣ್ರೀ, ಬೆಚ್ಚಗೆ ಕೂತ್ಕೊಳ್ರೀ."